ತೊಗರಿಯ ಕಣಜಕ್ಕೊಂದು ಪುಟ್ಟ ಕಣಜ



ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಹಿತ್ತಲಿನ ಕರಿಬೇವಿನ ಗಿಡದಲ್ಲಿ ಒಂದು ಹಸಿರು ಹುಳು ಅಲುಗಾಡದೆ ಕುಳಿತಿತ್ತು. ಅದರ ಪಕ್ಕದಲ್ಲಿ ಅಕ್ಕಿಕಾಳಿಗಿಂತಲೂ ಚಿಕ್ಕದಾದ ಬಿಳಿಯ ಕಾಳುಗಳ ಒಂದು ರಾಶಿ. ಹುಳು ಮೊಟ್ಟೆ ಇಟ್ಟಿದೆ, ಇನ್ನು ಗಿಡದಲ್ಲಿ ಒಂದೆಲೆಯೂ ಉಳಿಯಲಿಕ್ಕಿಲ್ಲ ಎಂದುಕೊಂಡು ಎಲೆಯನ್ನು ಕಿತ್ತು ಕಾಲಿನಿಂದ ಹೊಸಕಿ ಹಾಕಿದೆವು. ಕೃಷಿ ವಿಜ್ಞಾನ ಓದಿದ ಪರಿಚಯದ ಯುವಕರೊಬ್ಬರಿಗೆ ಇದನ್ನು ಹೇಳಿದಾಗ ಅವರು ನಗುತ್ತಾ ಕೇಳಿದ ಪ್ರಶ್ನೆ ಇಷ್ಟೆ: "ಹುಳು ಎಲ್ಲಿಯಾದರೂ ಮೊಟ್ಟೆ ಇಡುತ್ತದೆಯೇ ಫಾದರ್? ಮೊಟ್ಟೆ ಇಡುವುದು ಚಿಟ್ಟೆಯಲ್ಲವೇ?"

ಹೌದಲ್ಲ! ಶಾಲೆಯಲ್ಲಿ ಕಲಿತ ಪಾಠ ಕಣ್ಣೆದುರಿಗೆ ಬಂದಾಗ ಮರೆತುಹೋಗಿತ್ತು. ನಾವು ಹೊಸಕಿದ್ದು ಹುಳುವಿನ ಮೊಟ್ಟೆಗಳನ್ನಲ್ಲ. ಆ ಹುಳುವನ್ನು ಒಳಗಿನಿಂದ ತಿಂದು ಮುಗಿಸಿ ಹೊರಬಂದಿದ್ದ ಪುಟ್ಟ ಕಣಜಗಳ ಗೂಡುಗಳನ್ನು. ಅಂದರೆ ಗಿಡವನ್ನು ಕಾಯಲು ಬಂದವರನ್ನೇ ಶತ್ರುಗಳೆಂದು ತಿಳಿದು ಕೊಂದಿದ್ದೆವು.

ಒಂದು ಕರಿಬೇವಿನ ಗಿಡದಲ್ಲಿ ಇಂತಹ ತಪ್ಪು ನಡೆದರೆ ಹೆಚ್ಚಿನ ನಷ್ಟವಿಲ್ಲ. ಆದರೆ ಇದೇ ತಪ್ಪು ಸಾವಿರಾರು ಎಕರೆ ಹೊಲಗಳಲ್ಲಿ ನಡೆದರೆ? ಅದನ್ನು ತಿಳಿಯಲು ನಾವು ಕರಾವಳಿಯಿಂದ ಘಟ್ಟ ಹತ್ತಿ ರಾಜ್ಯದ ಈಶಾನ್ಯ ಮೂಲೆಗೆ, ಕಲಬುರಗಿ ಜಿಲ್ಲೆಯ ಎರೆಭೂಮಿಗೆ ಹೋಗಬೇಕು.

ಸೊನ್ನದ ಸುತ್ತಲಿನ ನೆಲ

ನಮ್ಮ ಮನೆಗಳಲ್ಲಿ ಸಾಂಬಾರಿಗೆ ಬೀಳುವ ತೊಗರಿಬೇಳೆ ನಮ್ಮ ಗದ್ದೆಗಳಲ್ಲಿ ಬೆಳೆದದ್ದಲ್ಲ. ಕರ್ನಾಟಕದಲ್ಲಿ ತೊಗರಿ ಎಂದೊಡನೆ ನೆನಪಾಗುವುದು ಕಲಬುರಗಿ. 'ತೊಗರಿಯ ಕಣಜ' ಎಂದೇ ಅದಕ್ಕೆ ಹೆಸರು. 2019ರಲ್ಲಿ 'ಗುಲ್ಬರ್ಗಾ ತೊಗರಿಬೇಳೆ'ಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರಕಿತು. ಕಣಜ ಎಂದರೆ ಕಾಳು ತುಂಬಿಡುವ ಉಗ್ರಾಣ. ಕಣಜ ಎಂದರೆ ಸೊಂಟ ಸಣ್ಣಗಿರುವ ಆ ಕುಟುಕುವ ಹುಳುವೂ ಹೌದು. ಒಂದು ಕಣಜವನ್ನು ಇನ್ನೊಂದು ಕಣಜ ಕಾಯುತ್ತದೆ ಎಂಬುದು ಕೇವಲ ಪದಗಳ ಆಟವಲ್ಲ, ನಿಜ ಸಂಗತಿ.

ಅಫಜಲಪುರ ತಾಲೂಕಿನ ಸೊನ್ನ ಗ್ರಾಮದ ಹೆಸರನ್ನು ಅಲ್ಲಿನ ಭೀಮಾ ನದಿಯ ಬ್ಯಾರೇಜಿನಿಂದಾಗಿ ಪತ್ರಿಕೆಗಳಲ್ಲಿ ಕೆಲವರು ಓದಿರಬಹುದು. ಅಫಜಲಪುರ, ಆಳಂದ, ಜೇವರ್ಗಿ ತಾಲೂಕುಗಳ ಈ ಸೀಮೆಯಲ್ಲಿ ನದಿ, ಕಾಲುವೆ, ಬಾವಿಯ ನೀರು ಸಿಗುವಲ್ಲಿ ಕಬ್ಬು ಕಾಣುತ್ತದೆ. ಉಳಿದಂತೆ ಮಳೆಯನ್ನೇ ನಂಬಿದ ಕಪ್ಪು ಮಣ್ಣಿನ ಹೊಲಗಳು. ಜೂನ್-ಜುಲೈ ತಿಂಗಳಲ್ಲಿ ಬಿತ್ತಿದ ತೊಗರಿ ಅಕ್ಟೋಬರ್-ನವೆಂಬರ್ ಹೊತ್ತಿಗೆ ಹೂ ಬಿಡುತ್ತದೆ. ಹಿಂಗಾರಿಗೆ ಬಿಳಿಜೋಳ ಮತ್ತು ಕಡಲೆ. ತೊಗರಿ, ಜೋಳ, ಕಡಲೆ ಈ ಮೂರೂ ಬೆಳೆಗಳ ಹೊಲಗಳು ಒಂದರ ಪಕ್ಕ ಒಂದು.

ಈ ಮೂರಕ್ಕೂ ಸಾಮಾನ್ಯ ಶತ್ರು ಒಂದೇ: ಕಾಯಿಕೊರಕ. ವಿಜ್ಞಾನಿಗಳು ಇದನ್ನು 'ಹೆಲಿಕೊವರ್ಪ ಆರ್ಮಿಜೆರ' ಎನ್ನುತ್ತಾರೆ. ಹತ್ತಿಯಲ್ಲಿಯೂ ಟೊಮೆಟೊದಲ್ಲಿಯೂ ಇದೇ ಕೀಡೆ. ಇದರ ಪತಂಗ ರಾತ್ರಿ ಹಾರಾಡುತ್ತಾ ಮೊಗ್ಗು, ಎಳೆಯ ಚಿಗುರುಗಳ ಮೇಲೆ ಒಂದೊಂದಾಗಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಮೂರು ನಾಲ್ಕು ದಿನಗಳಲ್ಲಿ ಮೊಟ್ಟೆಯೊಡೆದು ಬರುವ ಮರಿಹುಳು ಎರಡು ಮೂರು ವಾರ ತಿಂದು ಬೆಳೆದು, ಮಣ್ಣಿಗಿಳಿದು ಕೋಶವಾಗಿ, ಮತ್ತೆ ಪತಂಗವಾಗುತ್ತದೆ. ಹೂವು, ಮೊಗ್ಗು ತಿಂದು ಮುಗಿಸಿ, ಕಾಯಿಗೆ ತೂತು ಕೊರೆದು, ಅರ್ಧ ದೇಹ ಹೊರಗೆ ಅರ್ಧ ದೇಹ ಒಳಗೆ ಇಟ್ಟುಕೊಂಡು ಕಾಳು ತಿನ್ನುವ ಅದರ ರೀತಿಯನ್ನು ಒಮ್ಮೆ ಕಂಡವರು ಮರೆಯಲಾರರು.

ಇದು ಸಣ್ಣ ಪೀಡೆಯಲ್ಲ. 1997-98ರ ಹಂಗಾಮಿನಲ್ಲಿ ಬೀದರ್ ಮತ್ತು ಸುತ್ತಲಿನ ಪ್ರದೇಶದಲ್ಲಿ ತೊಗರಿ ಬೆಳೆ ಕೈಕೊಟ್ಟಾಗ ಈ ಕೀಡೆಯ ಪಾತ್ರ ದೊಡ್ಡದಿತ್ತು. ಸಾಲ ಮಾಡಿ ಬಿತ್ತಿ, ಸಾಲ ಮಾಡಿ ಕ್ರಿಮಿನಾಶಕ ಸಿಂಪಡಿಸಿ, ಕೊನೆಗೆ ಬೆಳೆಯೂ ಇಲ್ಲದೆ ರೈತರು ಪ್ರಾಣ ಕಳೆದುಕೊಂಡ ಸುದ್ದಿಗಳು ರಾಜ್ಯವನ್ನೇ ಕಲಕಿದವು. ನಮ್ಮಲ್ಲಿ 'ಮದ್ದು ಬಿಡುವುದು' ಎಂದರೆ ಆ ಕಡೆ 'ಎಣ್ಣೆ ಹೊಡೆಯುವುದು' ಎನ್ನುತ್ತಾರೆ. ಎಷ್ಟು ಎಣ್ಣೆ ಹೊಡೆದರೂ ಹುಳು ಸಾಯದಿದ್ದುದಕ್ಕೆ ಕಾರಣವಿತ್ತು. ಪೈರೆಥ್ರಾಯ್ಡ್ ಎಂಬ ಪ್ರಬಲ ಕೀಟನಾಶಕಗಳನ್ನು ಈ ಕೀಡೆ ಜೀರ್ಣಿಸಿಕೊಳ್ಳುವಷ್ಟು ಗಟ್ಟಿಯಾಗಿರುವುದು 1987ರ ಹಂಗಾಮಿನಲ್ಲಿಯೇ ಆಂಧ್ರದ ಹತ್ತಿ ಹೊಲಗಳಲ್ಲಿ ಬೆಳಕಿಗೆ ಬಂದಿತ್ತು. ಹುಳು ಉಳಿಯಿತು. ಆದರೆ ಹುಳುವನ್ನು ತಿನ್ನುತ್ತಿದ್ದ ಜೀವಿಗಳಿಗೆ ಅಂತಹ ಶಕ್ತಿ ಬಂದಿರಲಿಲ್ಲ, ಅವು ಸತ್ತವು. ಅಂತಹ ಜೀವಿಗಳಲ್ಲೊಂದನ್ನು ಇಂದು ಪರಿಚಯ ಮಾಡಿಕೊಳ್ಳೋಣ.

ಹೆಸರು ಮತ್ತು ಕುಲ

ಅದರ ಹೆಸರು 'ಕ್ಯಾಂಪೊಲೆಟಿಸ್ ಕ್ಲೋರಿಡೀ'. ನಾಲಿಗೆಗೆ ಸ್ವಲ್ಪ ಕಷ್ಟದ ಹೆಸರು. ಕಾಯಿಕೊರಕದ ಗುಂಪಿಗೆ ಹಿಂದೆ 'ಕ್ಲೋರಿಡಿಯ' ಎಂಬ ಹೆಸರಿತ್ತು. 1957ರಲ್ಲಿ ಜಪಾನಿನ ಕೀಟಶಾಸ್ತ್ರಜ್ಞ ಉಚಿದ ಅವರು ಈ ಕಣಜವನ್ನು ಶಾಸ್ತ್ರೀಯವಾಗಿ ವಿವರಿಸಿದಾಗ, ಅದು ತಿನ್ನುವ ಹುಳುವಿನ ಹೆಸರನ್ನೇ ಇದಕ್ಕೆ ಇಟ್ಟರು. ಶತ್ರುವಿನ ಹೆಸರಿನಿಂದಲೇ ಗುರುತಿಸಲ್ಪಡುವ ಜೀವಿ ಇದು.

ಇದು 'ಇಕ್‌ನ್ಯೂಮೊನಿಡೆ' ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಲೋಕದಲ್ಲಿ ಈವರೆಗೆ ಹೆಸರಿಟ್ಟಿರುವ ಈ ಕುಟುಂಬದ ಪ್ರಭೇದಗಳೇ ಸುಮಾರು 25,000. ಕಣಜ ಎಂದೊಡನೆ ಮಾಡಿನ ಅಡಿಯಲ್ಲಿ ಗೂಡು ಕಟ್ಟಿ, ಹತ್ತಿರ ಹೋದರೆ ಅಟ್ಟಿಸಿಕೊಂಡು ಬರುವ ಹುಳುಗಳೇ ನಮಗೆ ನೆನಪಾಗುತ್ತವೆ. ಇದು ಹಾಗಲ್ಲ. ಒಟ್ಟಾಗಿ ಗೂಡು ಕಟ್ಟುವುದಿಲ್ಲ, ರಾಣಿ-ಸೇವಕರ ಸಂಸಾರವಿಲ್ಲ, ಮನುಷ್ಯರ ಗೊಡವೆಗೆ ಬರುವುದಿಲ್ಲ. ಒಂಟಿಯಾಗಿ ಬದುಕಿ ಹೋಗುತ್ತದೆ.

ಕೃಷಿ ಭಾಷೆಯಲ್ಲಿ ಇಂತಹವನ್ನು 'ಪರತಂತ್ರ ಜೀವಿ' ಎನ್ನುತ್ತಾರೆ. ಉಣ್ಣೆ, ಹೇನುಗಳಂತಹ ಪರಾವಲಂಬಿಗಳು ಆಶ್ರಯ ಕೊಟ್ಟ ಪ್ರಾಣಿಯ ರಕ್ತ ಹೀರಿದರೂ ಸಾಮಾನ್ಯವಾಗಿ ಅದನ್ನು ಕೊಲ್ಲುವುದಿಲ್ಲ. ಪರತಂತ್ರ ಜೀವಿ ಹಾಗಲ್ಲ. ಮರಿಯಾಗಿದ್ದಾಗ ಮಾತ್ರ ಇನ್ನೊಂದು ಹುಳುವಿನೊಳಗೆ ಬೆಳೆದು, ಕೊನೆಗೆ ಆ ಹುಳುವನ್ನು ಕೊಂದೇ ಹೊರಬರುತ್ತದೆ. ಆ ಬಳಿಕ ರೆಕ್ಕೆ ಮೂಡಿದ ಮೇಲೆ ಹೂವಿನ ಮಕರಂದ ಕುಡಿದು ಸಾಧುವಾಗಿ ಬದುಕುತ್ತದೆ.

ಎರಡು ವಾರಗಳ ಕಥೆ

ಹೆಣ್ಣು ಕಣಜ ಮೊದಲು ಹುಡುಕುವುದು ವಾಸನೆಯನ್ನು. ಹುಳು ಕಚ್ಚಿದ ಎಲೆಯಿಂದ ಹೊರಡುವ ವಾಸನೆ, ಹುಳುವಿನ ಹಿಕ್ಕೆಯ ವಾಸನೆ ಅದಕ್ಕೆ ದಾರಿ ತೋರಿಸುತ್ತವೆ. ಗಿಡಕ್ಕೆ ಬಂದಿಳಿದು, ಎರಡು ಮೀಸೆಗಳನ್ನೂ ಕಂಪಿಸುತ್ತಾ ಎಲೆಯಿಂದ ಎಲೆಗೆ ನಡೆಯುತ್ತದೆ. ಅದಕ್ಕೆ ಬೇಕಾದದ್ದು ಮೊಟ್ಟೆಯೊಡೆದು ಕೆಲವೇ ದಿನಗಳಾದ, ಅರ್ಧ ಸೆಂಟಿಮೀಟರಿನ ಆಸುಪಾಸಿನ ಎಳೆಯ ಹುಳು. ಬಲಿತ ಹುಳುಗಳ ತಂಟೆಗೆ ಹೋಗುವುದಿಲ್ಲ. ಸಿಕ್ಕಿದೊಡನೆ ಹೊಟ್ಟೆಯನ್ನು ಮುಂದಕ್ಕೆ ಬಾಗಿಸಿ, ತುದಿಯಲ್ಲಿರುವ ಸೂಜಿಯಂತಹ ಅಂಗದಿಂದ ಕ್ಷಣ ಮಾತ್ರದಲ್ಲಿ ಚುಚ್ಚಿ, ಒಳಗೆ ಮೊಟ್ಟೆಯಿಟ್ಟು ಹಾರಿಹೋಗುತ್ತದೆ. ಒಂದು ಹುಳುವಿನಿಂದ ಹೊರಬರುವುದು ಒಂದೇ ಕಣಜ.

ಹುಳುವಿನ ದೇಹ ಸುಮ್ಮನಿರುವುದಿಲ್ಲ. ನಮ್ಮ ದೇಹ ರೋಗಾಣುಗಳ ವಿರುದ್ಧ ಹೋರಾಡುವಂತೆ ಅದರ ರಕ್ತಕಣಗಳೂ ಹೊರಗಿನಿಂದ ಬಂದ ಮೊಟ್ಟೆಯನ್ನು ಸುತ್ತುವರಿದು ಉಸಿರುಗಟ್ಟಿಸಲು ಹೊರಡುತ್ತವೆ. ಆದರೆ ಕಣಜ ಮೊಟ್ಟೆಯ ಜೊತೆ ಇನ್ನೊಂದನ್ನೂ ಸೇರಿಸಿ ಕಳುಹಿಸಿರುತ್ತದೆ. ಅದು ಒಂದು ಬಗೆಯ ವೈರಸ್. ಇದು ಕಣಜದ ಅಂಡಾಶಯದಲ್ಲಿಯೇ ತಯಾರಾಗುತ್ತದೆ. ಅದರ ಬರಹ ಕಣಜದ ವಂಶವಾಹಿಯಲ್ಲಿಯೇ ಸೇರಿಕೊಂಡಿದೆ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಅದು ಆಸ್ತಿಯಂತೆ ಬರುತ್ತದೆ. ಕಣಜಕ್ಕೆ ಅದರಿಂದ ರೋಗವಿಲ್ಲ. ಹುಳುವಿನ ದೇಹದೊಳಗೆ ಅದು ಸಂಖ್ಯೆಯಲ್ಲಿ ಬೆಳೆಯುವುದೂ ಇಲ್ಲ. ಆದರೆ ಹುಳುವಿನ ರೋಗನಿರೋಧಕ ಶಕ್ತಿಯನ್ನು ಕುಂದಿಸಿ ಮೊಟ್ಟೆಯನ್ನು ಉಳಿಸುತ್ತದೆ.

ಮೊಟ್ಟೆಯೊಡೆದ ಕಣಜದ ಮರಿ ಹುಳುವಿನೊಳಗೆ ಬೆಳೆಯತೊಡಗುತ್ತದೆ. ಹುಳು ಓಡಾಡುತ್ತಲೇ ಇರುತ್ತದೆ, ಆದರೆ ಅದರ ಹಸಿವು ಇಳಿದುಹೋಗುತ್ತದೆ. ಇಲ್ಲಿಯೇ ರೈತನ ಲಾಭ ಇರುವುದು. ಕಾಯಿಕೊರಕ ಮಾಡುವ ಹಾನಿಯ ಬಹುಪಾಲು ಅದರ ಕೊನೆಯ ಎರಡು ಹಂತಗಳಲ್ಲಿ, ಅಂದರೆ ಹುಳು ಕಿರುಬೆರಳಿನಂತೆ ಬೆಳೆದ ಮೇಲೆ ನಡೆಯುತ್ತದೆ. ಕಣಜ ಹೊಕ್ಕ ಹುಳು ಆ ಹಂತವನ್ನು ಮುಟ್ಟುವುದೇ ಇಲ್ಲ.

ಸುಮಾರು ಎಂಟು ದಿನಗಳಾಗುವಾಗ ಕಣಜದ ಮರಿ ಹುಳುವಿನ ಚರ್ಮವನ್ನು ಭೇದಿಸಿ ಹೊರಬಂದು, ಪಕ್ಕದಲ್ಲಿಯೇ ರೇಷ್ಮೆಯ ನೂಲು ನೇಯ್ದು ಗೂಡು ಕಟ್ಟಿಕೊಳ್ಳುತ್ತದೆ. ಹುಳುವಿನ ಬರಿದಾದ ಚರ್ಮ ಎಷ್ಟೋ ಬಾರಿ ಗೂಡಿಗೆ ಅಂಟಿಕೊಂಡೇ ಇರುತ್ತದೆ. ಇನ್ನೊಂದು ಐದಾರು ದಿನಗಳಲ್ಲಿ ಗೂಡಿನ ತುದಿಯನ್ನು ಕತ್ತರಿಸಿ ರೆಕ್ಕೆಯ ಕಣಜ ಹಾರಿಹೋಗುತ್ತದೆ. ಚಳಿ ಹೆಚ್ಚಿದ್ದರೆ ಕೆಲವು ದಿನ ತಡ. ಒಟ್ಟಿನಲ್ಲಿ ಎರಡು ವಾರಗಳ ಆಸುಪಾಸಿನ ಕಥೆ.

ಇನ್ನೊಂದು ವಿಶೇಷವಿದೆ. ಗಂಡಿನ ಜೊತೆ ಕೂಡಿದ ಹೆಣ್ಣು ಗಂಡು-ಹೆಣ್ಣು ಎರಡೂ ಬಗೆಯ ಸಂತತಿಯನ್ನು ಹಡೆಯುತ್ತದೆ. ಕೂಡದ ಹೆಣ್ಣೂ ಮೊಟ್ಟೆಯಿಡುತ್ತದೆ, ಆದರೆ ಅವುಗಳಿಂದ ಹುಟ್ಟುವುದು ಗಂಡುಗಳು ಮಾತ್ರ. ಜೇನುನೊಣಗಳಲ್ಲಿಯೂ ಇದೇ ಕ್ರಮವಿದೆ.

ಗುರುತಿಸುವುದು ಹೇಗೆ?

ಕಣಜ: ಉದ್ದ ಐದಾರು ಮಿಲಿಮೀಟರ್, ಅಂದರೆ ಒಂದು ದೊಡ್ಡ ಇರುವೆಯಷ್ಟು. ತಲೆ ಮತ್ತು ಎದೆ ಕಪ್ಪು, ಕಾಲುಗಳು ಹಳದಿ ಮಿಶ್ರಿತ ಕೆಂಗಂದು, ಹೊಟ್ಟೆಯ ಹಿಂಭಾಗದಲ್ಲಿಯೂ ಕೆಂಗಂದು ಛಾಯೆ. ಮೀಸೆಗಳು ದಾರದಂತೆ ಉದ್ದ, ಸದಾ ನಡುಗುತ್ತಿರುತ್ತವೆ. ಸೊಂಟ ಸಣ್ಣದು. ರೆಕ್ಕೆಗಳು ಪಾರದರ್ಶಕ, ಮುಂದಿನ ರೆಕ್ಕೆಯ ಅಂಚಿನಲ್ಲಿ ಒಂದು ಕಂದು ಗುರುತು. ಹೆಣ್ಣಿನ ಮೊಟ್ಟೆಯಿಡುವ ಸೂಜಿ ಚಿಕ್ಕದು, ಬಾಲದಂತೆ ಉದ್ದಕ್ಕೆ ಚಾಚಿರುವುದಿಲ್ಲ.

ನೊಣವೇ, ಕಣಜವೇ ಎಂಬ ಸಂಶಯ ಬಂದರೆ ಮೀಸೆ ಮತ್ತು ರೆಕ್ಕೆ ನೋಡಬೇಕು. ನೊಣಕ್ಕೆ ಎರಡೇ ರೆಕ್ಕೆ, ಮೀಸೆ ಮೋಟು, ಸೊಂಟವೇ ಇಲ್ಲ. ಕಣಜಕ್ಕೆ ನಾಲ್ಕು ರೆಕ್ಕೆ. ಇದರ ಹತ್ತಿರದ ಬಂಧುಗಳಾದ 'ಬ್ರಾಕೊನಿಡ್' ಕಣಜಗಳಿಂದ ಇದನ್ನು ಬೇರ್ಪಡಿಸಲು ತಜ್ಞರು ಭೂತಗನ್ನಡಿಯಲ್ಲಿ ಮುಂದಿನ ರೆಕ್ಕೆಯ ನರಗಳನ್ನು ನೋಡುತ್ತಾರೆ. ಇಕ್‌ನ್ಯೂಮೊನಿಡ್‌ಗಳ ರೆಕ್ಕೆಯಲ್ಲಿ ಇರುವ ಒಂದು ಅಡ್ಡನರ ಬ್ರಾಕೊನಿಡ್‌ಗಳಲ್ಲಿ ಇರುವುದಿಲ್ಲ. ಇದು ನಮ್ಮ-ನಿಮ್ಮ ಬರಿಗಣ್ಣಿಗೆ ಕಾಣುವ ಗುರುತಲ್ಲ.

ಗೂಡು: ಹೊಲದಲ್ಲಿ ಸಾಮಾನ್ಯರು ಸುಲಭವಾಗಿ ಗುರುತಿಸಬಹುದಾದದ್ದು ಕಣಜವನ್ನಲ್ಲ, ಅದರ ಗೂಡನ್ನು. ಎಲೆಗೆ ಅಥವಾ ಜೋಳದ ತೆನೆಗೆ ಅಂಟಿಕೊಂಡ, ಸುಮಾರು ಅರ್ಧ ಸೆಂಟಿಮೀಟರ್ ಉದ್ದದ, ಬೂದು ಬಿಳಿ ಬಣ್ಣದ ಮೊಟ್ಟೆಯಾಕಾರದ ಗೂಡು; ಅದರ ಮೇಲೆ ಕಪ್ಪು ಕಲೆಗಳು; ಪಕ್ಕದಲ್ಲಿ ಒಣಗಿ ಮುದುಡಿದ ಪುಟ್ಟ ಹುಳುವಿನ ಚರ್ಮ. ಇಷ್ಟು ಕಂಡರೆ ಅದು ನಮ್ಮ ಮಿತ್ರನ ಮನೆ ಎಂದು ತಿಳಿಯಬಹುದು. ಇದನ್ನು ಹಕ್ಕಿಯ ಹಿಕ್ಕೆಯೆಂದೋ ಹುಳುವಿನ ಮೊಟ್ಟೆಯೆಂದೋ ತಿಳಿಯುವವರೇ ಹೆಚ್ಚು. ಕಾಯಿಕೊರಕದ ನಿಜವಾದ ಮೊಟ್ಟೆ ಗಸಗಸೆ ಕಾಳಿನಷ್ಟು ಚಿಕ್ಕದು, ದುಂಡಗೆ, ಹಳದಿ ಮಿಶ್ರಿತ ಬಿಳಿ, ಒಂದೊಂದೇ ಇರುತ್ತದೆ.

ಸತ್ತ ಹುಳು: ಎಲ್ಲ ಸತ್ತ ಹುಳುಗಳೂ ಕಣಜದಿಂದಲೇ ಸತ್ತವಲ್ಲ. ಗಿಡದ ತುದಿಯಲ್ಲಿ ತಲೆಕೆಳಗಾಗಿ ಜೋತುಬಿದ್ದು, ಕಪ್ಪಾಗಿ, ಮುಟ್ಟಿದರೆ ಒಡೆದು ರಸ ಸುರಿಯುವ ಹುಳು 'ಎನ್‌ಪಿವಿ' ಎಂಬ ಬೇರೊಂದು ವೈರಸ್ ರೋಗದಿಂದ ಸತ್ತದ್ದು. ಅದೂ ರೈತನಿಗೆ ಮಿತ್ರನೇ. ಬಲಿತ ಹುಳುವಿನಿಂದ ಹುಳದಂತಹ ಮರಿ ಹೊರಬಂದು, ಕೆಂಗಂದು ಬಣ್ಣದ ಪೀಪಾಯಿಯಾಕಾರದ ಕೋಶವಾದರೆ ಅದು ಟ್ಯಾಕಿನಿಡ್ ಎಂಬ ನೊಣದ ಕೆಲಸ.

ಮೊಟ್ಟೆಯ ಕಣಜ: 'ಟ್ರೈಕೊಗ್ರಾಮ' ಎಂಬ ಇನ್ನೊಂದು ಕಣಜದ ಹೆಸರನ್ನು ಓದುಗರು ಕೇಳಿರಬಹುದು. ಅದು ಅರ್ಧ ಮಿಲಿಮೀಟರಿನಷ್ಟೇ ಇರುವ ಚುಕ್ಕೆಯಂತಹ ಕಣಜ. ಪತಂಗದ ಮೊಟ್ಟೆಯೊಳಗೇ ತನ್ನ ಮೊಟ್ಟೆಯಿಡುತ್ತದೆ, ಆಗ ಆ ಮೊಟ್ಟೆ ಕಪ್ಪಾಗುತ್ತದೆ. ಕಬ್ಬಿನ ಕೊರಕ ಹುಳುಗಳ ವಿರುದ್ಧ ಬಳಸುವ 'ಟ್ರೈಕೊ ಕಾರ್ಡ್' ಎಂದರೆ ಇದೇ ಕಣಜ ತುಂಬಿದ ಮೊಟ್ಟೆಗಳನ್ನು ಅಂಟಿಸಿದ ರಟ್ಟು. ನಮ್ಮ ಕರಾವಳಿಯ ತೆಂಗಿನ ತೋಟಗಳಲ್ಲಿ ಕಪ್ಪುತಲೆ ಹುಳುವಿನ ವಿರುದ್ಧ ಬಿಡುವ 'ಗೋನಿಯೋಜಸ್' ಸಹ ಇಂತಹುದೇ ಒಂದು ಪುಟ್ಟ ಕಣಜ. ಹೀಗೆ ಪ್ರತಿಯೊಂದು ಬೆಳೆಗೂ ತನ್ನದೇ ಆದ ಕಾವಲುಗಾರರಿದ್ದಾರೆ.

ಎಲ್ಲಿ ಇದೆ, ಎಲ್ಲಿ ಇಲ್ಲ

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಈ ಕಣಜ ಇದ್ದರೆ ಸಾಕು, ತೊಗರಿಗೆ ಬೇರೆ ರಕ್ಷಣೆಯೇ ಬೇಡ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಹೈದರಾಬಾದ್ ಸಮೀಪದ ಪಟಂಚೆರುವಿನಲ್ಲಿ 1972ರಲ್ಲಿ ಆರಂಭವಾದ ಇಕ್ರಿಸ್ಯಾಟ್ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವರ್ಷಗಟ್ಟಲೆ ಹೊಲಗಳಿಂದ ಕಾಯಿಕೊರಕದ ಹುಳುಗಳನ್ನು ತಂದು ಸಾಕಿ, ಯಾವ ಹುಳುವಿನಿಂದ ಏನು ಹೊರಬರುತ್ತದೆ ಎಂದು ಲೆಕ್ಕವಿಟ್ಟರು. ಜೋಳದ ತೆನೆ ಮತ್ತು ಕಡಲೆ ಗಿಡದ ಹುಳುಗಳಲ್ಲಿ ಕ್ಯಾಂಪೊಲೆಟಿಸ್ ಧಾರಾಳವಾಗಿ ಸಿಕ್ಕಿತು. ತೊಗರಿಯ ಹುಳುಗಳಲ್ಲಿ ಅದು ಕಡಿಮೆ. ಅಲ್ಲಿ ಟ್ಯಾಕಿನಿಡ್ ನೊಣಗಳದೇ ಮೇಲುಗೈ.

ಗಿಡದ ಸ್ವಭಾವವೂ ಇದಕ್ಕೆ ಸಂಬಂಧಿಸಿದೆ. ತೊಗರಿಯ ಹೂವಿನ ಬುಡ ಮತ್ತು ಎಳೆಗಾಯಿಯ ಮೇಲೆ ಅಂಟು ಸೂಸುವ ಸಣ್ಣ ರೋಮಗಳಿವೆ. ಕಡಲೆ ಗಿಡವಂತೂ ಹುಳಿಯನ್ನೇ ಬೆವರುತ್ತದೆ. ಚಳಿಗಾಲದ ಬೆಳಿಗ್ಗೆ ಕಡಲೆ ಹೊಲದಲ್ಲಿ ನಡೆದವರ ಕಾಲಿಗೆ ಈ ಹುಳಿಯ ಅನುಭವವಾಗಿರುತ್ತದೆ. ಚುಕ್ಕೆಯಷ್ಟಿರುವ ಟ್ರೈಕೊಗ್ರಾಮ ಈ ಹುಳಿಯಲ್ಲಿ, ಅಂಟಿನಲ್ಲಿ ಸಿಕ್ಕಿ ಸಾಯುತ್ತದೆ. ಆದ್ದರಿಂದ ಕಬ್ಬಿನಲ್ಲಿ ಯಶಸ್ವಿಯಾದ ಟ್ರೈಕೊ ಕಾರ್ಡ್ ಕಡಲೆಯಲ್ಲಿ ಫಲ ಕೊಡುವುದಿಲ್ಲ. ಆದರೆ ಅದಕ್ಕಿಂತ ಹತ್ತು ಪಟ್ಟು ಉದ್ದವಾದ, ಗಟ್ಟಿ ಕಾಲುಗಳ ಕ್ಯಾಂಪೊಲೆಟಿಸ್ ಕಡಲೆಯಲ್ಲಿ ನಿರಾಳವಾಗಿ ಓಡಾಡುತ್ತದೆ. ನವೆಂಬರಿನಿಂದ ಜನವರಿಯವರೆಗಿನ ತಂಪು ದಿನಗಳು ಅದಕ್ಕೆ ಅತ್ಯಂತ ಪ್ರಿಯ. ಕಡಲೆ ಬೆಳೆಯುವುದೂ ಅದೇ ದಿನಗಳಲ್ಲಿ.

ಹಾಗಾದರೆ ತೊಗರಿ ಬೆಳೆಗಾರನಿಗೆ ಇದರಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಮೂಡುವುದು ಸಹಜ. ಪತಂಗಕ್ಕೆ ಹೊಲದ ಬದು, ಬೆಳೆಯ ಭೇದ ಯಾವುದೂ ಇಲ್ಲ. ಈ ಹೊಲದ ಜೋಳದಲ್ಲಿ ಬೆಳೆದ ಹುಳು ಪತಂಗವಾಗಿ ಆ ಹೊಲದ ತೊಗರಿಗೆ ಹೋಗುತ್ತದೆ, ತೊಗರಿಯದು ಕಡಲೆಗೆ. ಜೋಳದಲ್ಲಿಯೋ ಕಡಲೆಯಲ್ಲಿಯೋ ಕಣಜ ಕೊಂದ ಪ್ರತಿಯೊಂದು ಹುಳುವೂ ಎಲ್ಲಿಯೋ ಮೊಟ್ಟೆಯಿಡಬೇಕಾಗಿದ್ದ ಒಂದು ಪತಂಗವನ್ನು ಕಡಿಮೆ ಮಾಡಿದಂತೆಯೇ. ಎಲ್ಲರೂ ಜೋಳ ಬಿಟ್ಟು ಬರೇ ತೊಗರಿ ಬಿತ್ತಿದರೆ ಕಣಜಕ್ಕೆ ಮನೆಯೇ ಇಲ್ಲದಂತಾಗುತ್ತದೆ. ಅಕ್ಕಡಿ ಸಾಲು ಹಾಕಿ ಒಂದೇ ಹೊಲದಲ್ಲಿ ನಾಲ್ಕಾರು ಬೆಳೆ ತೆಗೆಯುತ್ತಿದ್ದ ಹಿರಿಯರು ಕಣಜದ ಹೆಸರನ್ನು ತಿಳಿದಿರಲಿಲ್ಲ, ಆದರೆ ಅದಕ್ಕೆ ಜಾಗ ಬಿಟ್ಟಿದ್ದರು.

ಎಣ್ಣೆ ಹೊಡೆಯುವ ಮುನ್ನ

ಟ್ರೈಕೊ ಕಾರ್ಡಿನಂತೆ ಕ್ಯಾಂಪೊಲೆಟಿಸನ್ನು ಪೇಟೆಯಲ್ಲಿ ಸುಲಭವಾಗಿ ಕೊಂಡು ತರಲು ಬರುವುದಿಲ್ಲ. ಹೊಲದಲ್ಲಿ ತಾನಾಗಿ ಇರುವುದನ್ನು ಉಳಿಸಿಕೊಳ್ಳುವುದೊಂದೇ ದಾರಿ. ಇದಕ್ಕೆ ಕೆಲವು ಸರಳ ಕ್ರಮಗಳಿವೆ.

ಮೊದಲನೆಯದು ಎಣಿಸುವುದು. ಹೊಲದ ಅಲ್ಲಲ್ಲಿ ಗಿಡಗಳನ್ನು ಪರೀಕ್ಷಿಸಿ, ತೊಗರಿಯಲ್ಲಿ ಗಿಡಕ್ಕೆ ಸರಾಸರಿ 2 ಮೊಟ್ಟೆ ಅಥವಾ 1 ಹುಳು, ಕಡಲೆಯಲ್ಲಿ ಒಂದು ಮೀಟರ್ ಸಾಲಿಗೆ 1 ಹುಳು ಕಂಡಾಗ ಮಾತ್ರ ಕ್ರಮ ಕೈಗೊಳ್ಳಬೇಕೆಂದು ಕೃಷಿ ತಜ್ಞರ ಶಿಫಾರಸು. ಪಕ್ಕದ ಹೊಲದವರು ಹೊಡೆದರು ಎಂದು ನಾವೂ ಹೊಡೆಯುವುದು ಕಣಜಕ್ಕೂ ಕಿಸೆಗೂ ನಷ್ಟ. ಪತಂಗಗಳು ಬಂದಿವೆಯೇ ಎಂದು ತಿಳಿಯಲು ಹೆಕ್ಟೇರಿಗೆ 5 ಮೋಹಕ ಬಲೆಗಳನ್ನು ಕಟ್ಟಬಹುದು.

ಎರಡನೆಯದು ಮೆದುವಾದ ಅಸ್ತ್ರಗಳನ್ನು ಮೊದಲು ಬಳಸುವುದು. ಶೇಕಡಾ 5ರ ಬೇವಿನ ಬೀಜದ ಕಷಾಯ ಮತ್ತು ಹೆಕ್ಟೇರಿಗೆ 250 ಎಲ್.ಇ. ಪ್ರಮಾಣದ ಎನ್‌ಪಿವಿ ಇಂತಹವು. ಎನ್‌ಪಿವಿ ಕಾಯಿಕೊರಕಕ್ಕೆ ಮಾತ್ರ ತಗಲುವ ರೋಗವಾದ್ದರಿಂದ ಹಾರಾಡುವ ಕಣಜಕ್ಕೆ ತೊಂದರೆಯಿಲ್ಲ. ತೊಗರಿಯಲ್ಲಿ ಸಾಲಿನ ನಡುವೆ ಬಟ್ಟೆ ಅಥವಾ ತಾಡಪಾಲು ಹಾಸಿ, ಗಿಡವನ್ನು ಅಲುಗಾಡಿಸಿ, ಉದುರಿದ ಬಲಿತ ಹುಳುಗಳನ್ನು ಆರಿಸಿ ನಾಶಮಾಡುವ ಕ್ರಮವೂ ಕಲಬುರಗಿಯ ಕಡೆ ರೂಢಿಯಲ್ಲಿದೆ. ಇದರಲ್ಲಿ ವಿಷದ ಒಂದು ಹನಿಯೂ ಇಲ್ಲ.

ಮೂರನೆಯದು ಕಣಜಕ್ಕೆ ಅನ್ನವಿಡುವುದು. ರೆಕ್ಕೆಯ ಕಣಜಕ್ಕೆ ಮಕರಂದ ಬೇಕು. ಕಡಲೆಯ ನಡುವೆ ಅಲ್ಲಲ್ಲಿ ಕೊತ್ತಂಬರಿಯ ಸಾಲು ಬಿತ್ತಿದಲ್ಲಿ ಕ್ಯಾಂಪೊಲೆಟಿಸ್ ಹೊಕ್ಕ ಹುಳುಗಳು ಹೆಚ್ಚಾಗಿ ಸಿಕ್ಕಿರುವುದನ್ನು ಪ್ರಯೋಗಗಳು ತೋರಿಸಿವೆ. ಕೊತ್ತಂಬರಿಯ ಕೊಡೆಯಂತಹ ಬಿಳಿ ಹೂಗೊಂಚಲಿನಲ್ಲಿ ಮಕರಂದ ಮೇಲ್ಗಡೆಯೇ ಇರುವುದರಿಂದ ಚಿಕ್ಕ ಬಾಯಿಯ ಕಣಜಕ್ಕೂ ಎಟಕುತ್ತದೆ. ರೈತನಿಗೆ ಕೊತ್ತಂಬರಿ ಬೀಜವೂ ಸಿಗುತ್ತದೆ.

ಸಂಶಯವಿದ್ದವರು ಪರೀಕ್ಷೆ ಮಾಡಿ ನೋಡಬಹುದು. ಎಣ್ಣೆ ಹೊಡೆಯದ ಕಡಲೆ ಹೊಲದಿಂದ ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಇಪ್ಪತ್ತು ಹುಳುಗಳನ್ನು ತಂದು, ಇಪ್ಪತ್ತು ಸಣ್ಣ ಡಬ್ಬಿಗಳಲ್ಲಿ ಒಂದೊಂದನ್ನೇ ಇಡಬೇಕು. ಒಟ್ಟಿಗೆ ಇಟ್ಟರೆ ಅವು ಒಂದನ್ನೊಂದು ತಿನ್ನುತ್ತವೆ. ಬಾಯಿಗೆ ತೆಳುಬಟ್ಟೆ ಕಟ್ಟಿ, ದಿನಾಲೂ ಹೊಸ ಎಲೆ ಹಾಕುತ್ತಾ ಬಂದರೆ ಹತ್ತು ದಿನಗಳೊಳಗೆ ಎಷ್ಟು ಡಬ್ಬಿಗಳಲ್ಲಿ ಬೂದು ಗೂಡು ಮೂಡಿತು ಎಂದು ಎಣಿಸಬಹುದು. ಶಾಲಾ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನ ಪಾಠ ಬೇರೆಯಿಲ್ಲ. ರೈತನಿಗಂತೂ ತನ್ನ ಹೊಲದಲ್ಲಿ ಎಷ್ಟು ಮಂದಿ ಕೂಲಿಯಿಲ್ಲದೆ ದುಡಿಯುತ್ತಿದ್ದಾರೆ ಎಂಬ ಲೆಕ್ಕ ಸಿಗುತ್ತದೆ.

ವಿಷದ ವಿಷಯದಲ್ಲಿ ಕರಾವಳಿಯ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತೊಗರಿಯ ಕಾಯಿಕೊರಕಕ್ಕೆ ಹಿಂದೆ ವ್ಯಾಪಕವಾಗಿ ಬಳಸುತ್ತಿದ್ದ ಔಷಧಗಳಲ್ಲಿ ಎಂಡೋಸಲ್ಫಾನ್ ಒಂದು. ಅದೇ ಎಂಡೋಸಲ್ಫಾನನ್ನು ನಮ್ಮ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ಗಳಿಂದ ಸಿಂಪಡಿಸಲಾಯಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ, ಗಡಿಯಾಚೆ ಕಾಸರಗೋಡಿನ ಹಳ್ಳಿಗಳಲ್ಲಿ ಜನ ಪಟ್ಟ ಕಷ್ಟವನ್ನು ನಾವು ಕಣ್ಣಾರೆ ಕಂಡಿದ್ದೇವೆ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆಗೆ ತಡೆಯೊಡ್ಡಿತು. ಹೆಸರು ಬದಲಾಗಿ ಬೇರೆ ಬೇರೆ ಕೀಟನಾಶಕಗಳು ಬಂದಿವೆ. ಬೆನ್ನಿಗೆ ಪಂಪು ಕಟ್ಟಿಕೊಂಡು, ಕೈಗವಸು-ಮುಖಗವಸು ಇಲ್ಲದೆ ಅವುಗಳನ್ನು ಸಿಂಪಡಿಸುವವನು ಇಂದಿಗೂ ಬಡ ಕೂಲಿಕಾರನೇ. ತಪ್ಪಿಸಬಹುದಾದ ಒಂದು ಸಿಂಪಡಣೆಯನ್ನು ತಪ್ಪಿಸಿದರೆ ಕಣಜದ ಜೊತೆ ಒಬ್ಬ ಮನುಷ್ಯನ ಶ್ವಾಸಕೋಶವೂ ಉಳಿಯುತ್ತದೆ.

ಒಂದು ಹಳೆಯ ಪ್ರಶ್ನೆ

ಇನ್ನೊಂದು ಜೀವಿಯನ್ನು ಒಳಗಿನಿಂದ ತಿಂದು ಬದುಕುವ ಈ ಕ್ರಮ ಕೆಲವರಿಗೆ ಕ್ರೂರವೆನಿಸಬಹುದು. ಹೀಗೆ ಅನಿಸಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಸಹ ಒಬ್ಬರು. 1860ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ, ಕ್ರೈಸ್ತ ವಿಶ್ವಾಸಿಯಾಗಿದ್ದ ಏಸಾ ಗ್ರೇ ಅವರಿಗೆ ಬರೆದ ಪತ್ರದಲ್ಲಿ ಅವರು ಇದೇ ಇಕ್‌ನ್ಯೂಮೊನಿಡ್ ಕಣಜಗಳನ್ನು ಹೆಸರಿಸಿ, ಕರುಣಾಮಯನಾದ ದೇವರು ಬೇಕೆಂದೇ ಇವನ್ನು ಸೃಷ್ಟಿಸಿರಬಹುದೆಂದು ನಂಬಲು ತನ್ನಿಂದ ಆಗುವುದಿಲ್ಲ ಎಂಬರ್ಥದ ಮಾತು ಬರೆದರು. ಪ್ರಾಮಾಣಿಕ ಮನುಷ್ಯನ ಪ್ರಾಮಾಣಿಕ ಪ್ರಶ್ನೆ ಅದು. ಅದಕ್ಕೆ ಒಂದು ಸಾಲಿನಲ್ಲಿ ಉತ್ತರ ಕೊಟ್ಟುಬಿಡುವ ಧೈರ್ಯ ನಮಗಿಲ್ಲ.

ಆದರೆ ಒಂದು ಮಾತು ಹೇಳಬಹುದು. ಹುಳುವಿನ ಕಡೆಯಿಂದ ನೋಡಿದರೆ ಕಣಜ ಕ್ರೂರಿ. ಸೊನ್ನದ ಹೊಲದಲ್ಲಿ ಮಗಳ ಮದುವೆ, ಮಗನ ಫೀಸು, ಸೊಸೈಟಿಯ ಸಾಲ ಎಲ್ಲವನ್ನೂ ಮೂರು ಎಕರೆ ತೊಗರಿಯ ಮೇಲೆ ಇಟ್ಟಿರುವ ರೈತನ ಕಡೆಯಿಂದ ನೋಡಿದರೆ ಅದು ಬೇರೆಯಾಗಿ ಕಾಣುತ್ತದೆ. ಸೃಷ್ಟಿಯ ಒಂದೊಂದು ಎಳೆಯೂ ಇನ್ನೊಂದಕ್ಕೆ ಕಟ್ಟಿಕೊಂಡಿದೆ. ಎಲ್ಲವನ್ನೂ ನಮಗೆ ಹಿತವಾದದ್ದು, ಅಹಿತವಾದದ್ದು ಎಂದು ಎರಡೇ ಪಾಲು ಮಾಡಿ, ಅಹಿತವಾದದ್ದನ್ನು ಅಳಿಸಹೊರಟಾಗ ಅದರ ಜೊತೆ ಹಿತವಾದದ್ದೂ ಅಳಿಯುತ್ತದೆ.

ನಾವೇನು ಮಾಡಬಹುದು?

ನಮ್ಮ ಓದುಗರಲ್ಲಿ ಸ್ವಸಹಾಯ ಸಂಘಗಳಲ್ಲಿ, ಗ್ರಾಮಾಭಿವೃದ್ಧಿ ಕಾರ್ಯದಲ್ಲಿ, ಶಾಲೆಗಳಲ್ಲಿ ದುಡಿಯುವವರು ಅನೇಕರಿದ್ದಾರೆ. ಘಟ್ಟದ ಮೇಲೆ ಉತ್ತರದ ಜಿಲ್ಲೆಗಳಿಗೆ ಸೇವೆಗಾಗಿ ಹೋದ ಕರಾವಳಿಯವರೂ ಇದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟೆ: ಕೀಟಗಳ ವಿಷಯದಲ್ಲಿ ರೈತರಿಗೆ ಉಪದೇಶ ಮಾಡುವ ಮೊದಲು ಅವರ ಜೊತೆ ಹೊಲಕ್ಕಿಳಿದು ನೋಡಿರಿ. ಬೂದು ಗೂಡು ಕಂಡರೆ ತೋರಿಸಿರಿ, ಮಕ್ಕಳಿಗೆ ಮುಟ್ಟದೆ ನೋಡಲು ಕಲಿಸಿರಿ. ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ಅಂಗಡಿಯವರ ಬದಲು ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಲು ಹೇಳಿರಿ. ಗುರುತು ಸಿಗದ ಕೀಟಗಳಿಗೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯೇ ಇದೆ. 1957ರಲ್ಲಿ ಜೈವಿಕ ನಿಯಂತ್ರಣದ ಒಂದು ಸಣ್ಣ ಕೇಂದ್ರವಾಗಿ ಬೆಂಗಳೂರಿನಲ್ಲಿ ಆರಂಭವಾದ ಕೆಲಸದ ಮುಂದುವರಿಕೆ ಅದು.

ಆ ದಿನದ ಬಳಿಕ ನಮ್ಮ ಕರಿಬೇವಿನ ಗಿಡದಲ್ಲಿ ಇನ್ನೊಮ್ಮೆ ಬಿಳಿ ಕಾಳುಗಳು ಕಾಣಿಸಿಕೊಂಡವು. ಈ ಬಾರಿ ಎಲೆಯನ್ನು ಕೀಳಲಿಲ್ಲ. ವಾರ ಕಳೆದು ನೋಡಿದಾಗ ಪ್ರತಿಯೊಂದು ಕಾಳಿನ ತುದಿಯಲ್ಲೂ ದುಂಡಗಿನ ಮುಚ್ಚಳ ತೆರೆದುಕೊಂಡಿತ್ತು, ಒಳಗೆ ಏನೂ ಇರಲಿಲ್ಲ. ಗಿಡದಲ್ಲಿ ಎಲೆಗಳು ಬೇಕಾದಷ್ಟು ಇದ್ದವು.